ಹಗಲು ಮಲಗುವವನ ಮನೆಯ ಹಾಡು

ಆ ಮನೆಯಲ್ಲಿ ಒಬ್ಬನ ರಾತ್ರಿಯೂಟದ ಹೊತ್ತೇ ಉಳಿದ ಮೂವರ ಬೆಳಗಿನ ತಿಂಡಿಯ ಹೊತ್ತು. ಮಗ ಬೇಕರಿಯಲ್ಲಿ ಭಟ್ಟಿಯ ಮುಂದೆ ನಿಲ್ಲುವವನು. ಊರು ಮಲಗಿದ ಮೇಲೆ ಹೋಗಿ, ಊರು ಏಳುವಾಗ ಬರುತ್ತಿದ್ದ. ಬಂದವನ ಕೈಯಲ್ಲಿ ಇನ್ನೂ ಬಿಸಿ ಆರದ ಬ್ರೆಡ್ಡಿನ ಪೊಟ್ಟಣ, ಹುಬ್ಬಿನ ಮೇಲೆ ಹಿಟ್ಟು. ಹುಬ್ಬು ಒರೆಸಿಕೊಳ್ಳುವ ತಾಳ್ಮೆಯೂ ಇಲ್ಲದೆ ಕೂತು ಅನ್ನ ಉಣ್ಣುತ್ತಿದ್ದ. ಎದುರಿಗೆ ತಾಯಿ, ಹೆಂಡತಿ, ಮಗಳು ಅವನು ತಂದ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಆಮೇಲೆ ಅವನು ಒಳಕೋಣೆಗೆ ಹೋಗಿ ನೀಲಿ ಪರದೆ ಎಳೆದುಕೊಳ್ಳುತ್ತಿದ್ದ. ಹೊರಗಿನ ಬೆಳಕು ಆ ಪರದೆಯಲ್ಲಿ ಸೋಸಿ ಬಂದು ಗೋಡೆ, ಹಾಸಿಗೆ, ಅವನ ಮುಖ ಎಲ್ಲವನ್ನೂ ಕೆರೆಯ ತಳದಲ್ಲಿದ್ದಂತೆ ಮಾಡುತ್ತಿತ್ತು.

ಸೊಸೆಗೆ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸ. ಆಸ್ಪತ್ರೆಯ ಹೊದಿಕೆ, ಹೋಟೆಲಿನ ಮೇಜುಬಟ್ಟೆ. ದಿನವಿಡೀ ಬಿಳಿ ಬಟ್ಟೆ, ಬಿಳಿ ಹಬೆ. ಮೊಮ್ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚಂತೆ, ಅದಕ್ಕೆ ಆ ಹೆಸರು. ಈಗ ಅವಳು ಪೇಟೆಬೀದಿಯ ಒಂದು ಅಂಗಡಿಯಲ್ಲಿ ಹೆಡ್‌ಫೋನು ಮಾರುತ್ತಿದ್ದಳು. ಬಸ್ಸಿನಲ್ಲಿ ಹುಡುಗರು ಕಿವಿಗೆ ತುರುಕಿಕೊಳ್ಳುವಂಥವಲ್ಲ. ಗಾಜಿನ ಕಪಾಟಿನಲ್ಲಿ ಒಂದೊಂದಕ್ಕೂ ಒಂದೊಂದು ದೀಪ ಹಾಕಿ ಕೂರಿಸಿದ, ಬೆಲೆ ಕೇಳಿದವರು ಮುಟ್ಟಲು ಚಾಚಿದ ಕೈ ಹಿಂದಕ್ಕೆಳೆದುಕೊಳ್ಳುವಂಥವು.

ಹಗಲಲ್ಲಿ ಮನೆಯಲ್ಲಿ ಉಳಿಯುತ್ತಿದ್ದವರು ಇಬ್ಬರೇ: ನಿದ್ದೆ ಮಾಡಬೇಕಾದ ಮಗ, ಎಚ್ಚರವಾಗಿರುವ ಅವನ ತಾಯಿ. ಆ ತಾಯಿಯನ್ನು ಕೇರಿಯವರು ಎಕ್ಸ್‌ಚೇಂಜ್ ಅಜ್ಜಿ ಎನ್ನುತ್ತಿದ್ದರು. ಹುಡುಗಿಯಾಗಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಆಪರೇಟರ್ ಆಗಿ ಹೋದವರು, ಅಲ್ಲೇ ತಲೆ ನರೆಸಿಕೊಂಡು ಪಿಂಚಣಿ ಹಿಡಿದು ಹೊರಗೆ ಬಂದಿದ್ದರು. ಬಂದ ವಾರವೇ ಎರಡು ದೊಡ್ಡ ಸ್ಪೀಕರಿನ ಮ್ಯೂಸಿಕ್ ಸಿಸ್ಟಂ ಕೊಂಡು ನಡುಮನೆಯಲ್ಲಿ ಇಡಿಸಿದರು. ಅಷ್ಟು ಕಾಲ ಊರಿನವರ ಮಾತನ್ನು ಒಂದು ಕಿವಿಯಲ್ಲಿ ಹೊತ್ತವರಿಗೆ ತಮಗೆ ಬೇಕಾದ್ದನ್ನು ಎರಡೂ ಕಿವಿಯಲ್ಲಿ, ಕೋಣೆ ತುಂಬ ಕೇಳುವ ಆಸೆ. ಬೆಳಗಿನ ಪಾತ್ರೆ ತೊಳೆದಾದ ಕೂಡಲೇ ಹಾಡು ಹಚ್ಚಿ ಕೂರುತ್ತಿದ್ದರು.

ಜಗಳ ಹುಟ್ಟಿದ್ದು ಕರಕಲಾದ ಬ್ರೆಡ್ಡಿನಿಂದ.

"ನಿಂತಲ್ಲೇ ತೂಕಡಿಸಿಬಿಟ್ಟೆ," ಎಂದ ಮಗ, ತಟ್ಟೆಯ ಮುಂದೆ ಕೂತು. "ಒಂದು ಭಟ್ಟಿ ಪೂರಾ ಇದ್ದಿಲು. ಯಜಮಾನ ಎಲ್ಲರ ಮುಂದೆ ಬೈದ."

"ಕೈ ಸುಟ್ಕೊಂಡಿಲ್ಲ ತಾನೇ?" ಸೊಸೆ ಬಡಿಸುತ್ತಿದ್ದವಳು ಅವನ ಅಂಗೈ ತಿರುಗಿಸಿ ನೋಡಿದಳು.

"ಕೈ ಸುಡಲಿಲ್ಲ. ಮುಖ ಸುಟ್ಟಿತು." ಅವನು ಕೈ ಎಳೆದುಕೊಂಡ. "ಹಗಲು ನಿದ್ದೆ ಆದ್ರೆ ತಾನೇ ರಾತ್ರಿ ಎಚ್ಚರ ಇರೋದು? ಕಣ್ಣು ಮುಚ್ಚೋದೇ ತಡ, ಗೋಡೆಯಾಚೆ ಪಿಟೀಲು ಶುರು."

ಅಜ್ಜಿ ಚಹಾದಲ್ಲಿ ಅದ್ದಿದ ಬ್ರೆಡ್ಡನ್ನು ಹಾಗೇ ಹಿಡಿದುಕೊಂಡರು. "ಗುಂಡಿ ಅರ್ಧಕ್ಕಿಂತ ಮೇಲೆ ತಿರುಗಿಸೋದಿಲ್ಲ ನಾನು."

"ನಿನ್ನ ಅರ್ಧಕ್ಕೆ ಅಡುಗೆಮನೆ ಪಾತ್ರೆ ಅಲುಗಾಡ್ತವೆ."

"ನಿನ್ನ ಗೊರಕೆಗೂ ಅಲುಗಾಡ್ತವೆ. ಒಂದು ದಿನ ಆಡಿ ತೋರಿಸಿದ್ದೀನಾ?"

ಗುಬ್ಬಿಗೆ ನಗು ಬಂದು ಚಹಾ ನೆತ್ತಿಗೇರಿತು. ಅಪ್ಪ ಅವಳತ್ತ ಕಣ್ಣು ಬಿಟ್ಟ. ಅಜ್ಜಿಯ ಬ್ರೆಡ್ಡು ನೆಂದು ಲೋಟದೊಳಗೆ ಬಿತ್ತು.

ಅವತ್ತು ಮಧ್ಯಾಹ್ನ ನೀಲಿ ಕೋಣೆಯಿಂದ ಮಗ ಬನಿಯನ್ನಿನಲ್ಲೇ ಎದ್ದು ಬಂದ. ಒಂದು ಮಾತೂ ಆಡದೆ ಸಿಸ್ಟಂನ ವಯರು ಕಿತ್ತು, ಸುರುಳಿ ಸುತ್ತಿ, ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಹಾಡುಗಾರ್ತಿಯೊಬ್ಬಳ ಸ್ವರ ಅರ್ಧಕ್ಕೆ ತುಂಡಾಯಿತು. ಅಜ್ಜಿ ಬೈಯಲಿಲ್ಲ, ಅಳಲಿಲ್ಲ. ಸಂಜೆ ಸೊಸೆ ಬಂದಾಗ ಅಟ್ಟದ ಮೇಲಿನ ಸೂಟ್‌ಕೇಸು ಕೆಳಗಿಳಿದಿತ್ತು.

"ಏನತ್ತೆ ಇದು?"

"ಧೂಳು ಹಿಡಿದಿತ್ತು, ಒರೆಸೋಣ ಅಂತ ಇಳಿಸಿದೆ. ಅಷ್ಟರಲ್ಲಿ ನೆನಪಾಯ್ತು, ನಮ್ಮ ತಂಗಿ ಮನೇಲಿ ಒಂದು ಕೋಣೆ ಖಾಲಿ ಇದೆ."

ಸೊಸೆ ಸೂಟ್‌ಕೇಸನ್ನು ಮತ್ತೆ ಮೇಲಿಟ್ಟಳು. ಮರುದಿನ ಅದು ಮತ್ತೆ ಕೆಳಗಿತ್ತು. ಹೀಗೇ ನಡೆಯಿತು. ಮೇಲೆ ಇಡುವವಳು ಇವಳು, ಇಳಿಸುವವರು ಅವರು.

ಮನೆಯಲ್ಲಿ ಸದ್ದು ನಿಂತಿತು. ಬೇಡವೆಂದರೂ ನಲ್ಲಿಯ ಹನಿ, ಗಡಿಯಾರ, ಮೇಲಿನ ಮನೆಯವರ ಚಪ್ಪಲಿ ಎಲ್ಲವೂ ಕೇಳತೊಡಗಿದವು. ಅಜ್ಜಿ ಊಟದ ತಟ್ಟೆ ತೆಗೆದುಕೊಂಡು ಅಡುಗೆಮನೆಯ ಮೂಲೆಗೆ ಹೋಗಿ ಕೂರುತ್ತಿದ್ದರು. ಮಗನಿಗೆ ಏನಾದರೂ ಹೇಳಬೇಕಾದರೆ ಸೊಸೆಗೆ ಹೇಳುತ್ತಿದ್ದರು. ಮಗನೂ ಹಾಗೇ.

"ಅವನಿಗೆ ಹೇಳು, ಗ್ಯಾಸ್ ಮುಗೀತಾ ಬಂತು."

"ಅಮ್ಮನಿಗೆ ಹೇಳು, ನಂಗೆ ಕಿವಿ ಇದೆ."

"ಇದ್ಯಲ್ಲ, ಅದೇ ತೊಂದರೆ ಆಗಿರೋದು ಅಂತ ಹೇಳು."

ಸೊಸೆ ಸೌಟು ಹಿಡಿದುಕೊಂಡು ನಡುವೆ ನಿಂತಿದ್ದಳು. "ನಾನೇನು ಎಕ್ಸ್‌ಚೇಂಜಾ?" ಎಂದಳು. ಯಾರೂ ನಗಲಿಲ್ಲ.

ಒಂದು ಭಾನುವಾರ ಅಜ್ಜಿ ಮಾತಿಲ್ಲದ ಸ್ಪೀಕರುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಾಗ ಗುಬ್ಬಿ ಪಕ್ಕದಲ್ಲಿ ಕೂತಳು.

"ಅಜ್ಜಿ, ನಮ್ಮ ಅಂಗಡೀಲಿ ಒಂದು ಹೆಡ್‌ಫೋನ್ ನೋಡು. ನಿಂಗೂ ಹಾಡು, ಅಪ್ಪಂಗೂ ನಿದ್ದೆ."

"ಎಕ್ಸ್‌ಚೇಂಜಲ್ಲಿ ಹೊತ್ತ ಆ ನೊಗ ಮತ್ತೆ ನನ್ನ ತಲೆ ಮೇಲಾ?" ಅಜ್ಜಿ ಬೈತಲೆಯ ಹತ್ತಿರ ಕೂದಲು ಬಗೆದು ತೋರಿಸಿದರು. "ನೋಡು, ಇಲ್ಲಿ ಇನ್ನೂ ತಗ್ಗು ಇದೆ. ಅದನ್ನ ಕಿತ್ತು ಮೇಜಿನ ಮೇಲಿಟ್ಟು ಬಂದ ದಿನ ತಲೆ ಎಷ್ಟು ಹಗುರ ಆಗಿತ್ತು ಅಂದ್ರೆ, ಬಸ್ಸಲ್ಲಿ ಕೂತು ಹಾರಿಹೋಗ್ತೀನೇನೋ ಅನ್ನಿಸ್ತು."

"ಕೊಳ್ಳಬೇಡ. ಸುಮ್ನೆ ಬಂದು ನೋಡು. ಟೀ ಕೊಡ್ತಾರೆ."

"ಟೀಗೋಸ್ಕರ ಬಸ್ಸು ಹತ್ತೋ ವಯಸ್ಸಾ ನಂದು?"

ಆದರೂ ಹೋದರು. ಬೀರುವಿನಿಂದ ಮದುವೆಮನೆಗೆ ಉಡುವಂಥ ಬಟ್ಟೆ ತೆಗೆದು ಉಟ್ಟುಕೊಂಡು ಹೋದರು.

ಅಂಗಡಿಯ ಹಿಂಭಾಗದಲ್ಲಿ ಹಾಡು ಕೇಳಿ ನೋಡುವುದಕ್ಕೆಂದೇ ಒಂದು ಕೋಣೆ. ನೆಲಕ್ಕೆ ದಪ್ಪ ಜಮಖಾನೆ, ಗೋಡೆಗೆ ಮೆತ್ತನೆಯ ಬಟ್ಟೆ, ಒಂದು ಮೂಲೆಯಲ್ಲಿ ಜೇನುಬಣ್ಣದ ದೀಪ. ಬಾಗಿಲು ಹಾಕಿಕೊಂಡರೆ ಬೀದಿ ಎನ್ನುವುದು ಇತ್ತೆಂಬುದೇ ಮರೆತುಹೋಗುತ್ತಿತ್ತು. ಅಂಗಡಿಯ ಯಜಮಾನರು ಸ್ವತಃ ಟೀ ತಂದಿಟ್ಟು, "ನಿಧಾನವಾಗಿ ಕೇಳಿ ಅಮ್ಮ, ಅವಸರ ಇಲ್ಲ," ಎಂದು ಹೊರಗೆ ಹೋದರು.

ಗುಬ್ಬಿ ಮೊದಲು ಕಪ್ಪನೆಯ, ಕಿವಿಯನ್ನು ಬಿಗಿಯಾಗಿ ಅಪ್ಪುವ ಒಂದನ್ನು ಹಾಕಿ ಹುಡುಗರು ಕುಣಿಯುವಂಥ ಹಾಡು ಹಚ್ಚಿದಳು. ಅಜ್ಜಿ ಬೆಚ್ಚಿಬಿದ್ದು ಹೊಟ್ಟೆ ಹಿಡಿದುಕೊಂಡರು.

"ಒಳಗೆ ಯಾರೋ ಒನಕೆ ಹಿಡಿದು ಕುಟ್ತಾ ಇದಾರೆ ಕಣೇ!"

"ಅದು ಬೇಸ್. ಡ್ರಮ್ಮು, ಡೋಲು, ಕುಣಿಯೋ ಹಾಡು ಇಷ್ಟಪಡೋರು ಇದನ್ನೇ ಕೇಳಿ ತಗೊಳ್ತಾರೆ. ಈಗ ಇದರಲ್ಲೇ ನಿನ್ನ ಹಾಡು ಕೇಳು."

ಅಜ್ಜಿ ಕೇಳಿದರು. ಮುಖ ಹುಳ್ಳಗಾಯಿತು. "ಪಾಪ, ಅವಳು ಹಾಡ್ತಾ ಇದಾಳೆ, ಪಕ್ಕದಲ್ಲಿ ಯಾರೋ ಮಂಚ ಎಳೀತಾ ಇದಾರೆ."

"ಅದಕ್ಕೇ ಅಜ್ಜಿ, ಎಲ್ಲದಕ್ಕೂ ಒಂದೇ ಆಗಲ್ಲ. ಕೆಲವು ತಗ್ಗಿನ ಸ್ವರಾನ ಮುಂದೆ ತರ್ತವೆ, ಕೆಲವು ಮೇಲಿನ ಸ್ವರಾನ. ಮನುಷ್ಯರ ದನಿ ಇರೋದು ನಡುವೆ."

"ಗೊತ್ತು ಬಿಡು. ಹಾಲು ಕಾಯಿಸೋ ಪಾತ್ರೇಲಿ ಮೀನು ಬೇಯಿಸ್ತಾರಾ ಯಾರಾದ್ರೂ?"

ಎರಡನೆಯದು ಮುಟ್ಟಿದರೆ ತಣ್ಣಗಿದ್ದ ಬೆಳ್ಳಿಬಣ್ಣದ್ದು. ಅದರಲ್ಲಿ ಕೊಳಲು ಚೂಪಾಗಿ, ಗಾಜಿನ ಚೂರು ಬಿಸಿಲಿಗೆ ಹೊಳೆದಂತೆ ಕೇಳಿಸಿತು. ಎರಡು ಹಾಡು ಮುಗಿಯುವಷ್ಟರಲ್ಲಿ ಅಜ್ಜಿಯ ಹಲ್ಲು ಜುಮ್ಮೆಂದಿತು. ಮೂರನೆಯದು ಮತ್ತೆ ಕಿವಿ ಮುಚ್ಚುವಂಥದ್ದು, ಕಂದುಬಣ್ಣದ ಚರ್ಮದ್ದು, ಮನುಷ್ಯರ ದನಿಗೆಂದೇ ಹೇಳಿ ಮಾಡಿಸಿದ್ದು. "ಪರವಾಗಿಲ್ಲ," ಎಂದರು. ಹಾಗೆನ್ನುವಾಗ ಅವರ ಭುಜ ಎರಡೂ ಮೇಲಕ್ಕೆ ಸೆಟೆದುಕೊಂಡಿದ್ದವು.

ನಾಲ್ಕನೆಯದು ನೋಡುವುದಕ್ಕೆ ದೊಡ್ಡದು, ಹೊತ್ತುಕೊಂಡರೆ ಭಾರವೇ ಇಲ್ಲ. ಕಿವಿಯ ಮೇಲೆ ಕೂರುವ ಎರಡೂ ಬಟ್ಟಲುಗಳ ಹಿಂಬದಿಗೆ ಮುಚ್ಚಳದ ಬದಲು ಸಣ್ಣ ಕಣ್ಣಿನ ಜಾಲರಿ. ಗುಬ್ಬಿ ಅದೇ ಹಾಡುಗಾರ್ತಿಯನ್ನು ಹಚ್ಚಿದಳು.

ಅಜ್ಜಿ ಕಣ್ಣು ಮುಚ್ಚಿದರು. ಕೋಣೆಯ ಗೋಡೆಗಳು ಹಿಂದಕ್ಕೆ ಸರಿದವು. ಹಾಡುಗಾರ್ತಿ ಎಲ್ಲೋ ಎದುರಿಗೆ, ಒಂದು ದೊಡ್ಡ ಹಜಾರದ ನಡುವೆ ನಿಂತಿದ್ದಳು; ಎಡಗಡೆ ಪಿಟೀಲು, ಬಲಗಡೆ ದೂರದಲ್ಲಿ ಪಿಯಾನೋ. ಸಾಲು ಶುರುವಾಗುವ ಮುಂಚೆ ಅವಳು ಉಸಿರು ಎಳೆದುಕೊಂಡಳು. ಅಜ್ಜಿಯ ಕೈ ತಾನಾಗಿ ಮೇಲೆದ್ದು ಗಾಳಿಯಲ್ಲಿ ನಿಂತಿತು.

"ಉಸಿರು," ಎಂದರು ಪಿಸುಮಾತಿನಲ್ಲಿ. "ಗುಬ್ಬಿ, ಅವಳ ಉಸಿರು ಕೇಳ್ತಾ ಇದೆ ಕಣೇ. ಎಕ್ಸ್‌ಚೇಂಜಿನ ಬೋರ್ಡ್ ಮುಂದೆ ಕೂತಿದ್ದಾಗ ನಂಬರ್ ಹೇಳೋಕೆ ಮುಂಚೆ ಜನ ಹೀಗೇ ಉಸಿರು ಎಳ್ಕೊಳ್ತಿದ್ರು. ಸಾವಿನ ಸುದ್ದಿ ಹೇಳೋರ ಉಸಿರೇ ಬೇರೆ, ಮಗು ಹುಟ್ಟಿದ ಸುದ್ದಿ ಹೇಳೋರದ್ದೇ ಬೇರೆ."

ಟೀ ಆರಿತು. ಹಾಡು ಮುಗಿದು ಇನ್ನೊಂದು ಬಂತು, ಮತ್ತೊಂದು ಬಂತು. ಜೇನುಬೆಳಕಿನಲ್ಲಿ ಅಜ್ಜಿ ಕೂತಲ್ಲೇ ಮೆಲ್ಲಗೆ ತೂಗುತ್ತಿದ್ದರು, ದೋಣಿಯಲ್ಲಿ ಕೂತವರ ಹಾಗೆ. ಗುಬ್ಬಿಗೆ ಎಬ್ಬಿಸಲು ಮನಸ್ಸಾಗಲಿಲ್ಲ. ಆದರೆ ಅವಳಿಗೆ ಗೊತ್ತಿತ್ತು: ಜಾಲರಿಯಿಂದ ಸೋರಿದ ಹಾಡು ಸಣ್ಣಗೆ ಕೋಣೆಯಲ್ಲೆಲ್ಲ ಹರಡಿತ್ತು. ಪಕ್ಕದಲ್ಲಿ ಕೂತ ಅವಳಿಗೆ ಪದಗಳೂ ತಿಳಿಯುತ್ತಿದ್ದವು.

"ಇದೇ ಸಾಕು," ಎಂದರು ಅಜ್ಜಿ ಕೊನೆಗೆ.

"ಅಜ್ಜಿ, ಇದು ಸದ್ದನ್ನ ಹೊರಗೂ ಬಿಡುತ್ತೆ, ಹೊರಗಿನ ಸದ್ದನ್ನ ಒಳಗೂ ಬಿಡುತ್ತೆ. ಅಪ್ಪ ಮಲಗೋ ಕೋಣೆಗೂ ನಡುಮನೆಗೂ ನಡುವೆ ಇರೋದು ಒಂದು ಹಲಗೆ ಗೋಡೆ."

ಅಜ್ಜಿ ಸ್ವಲ್ಪ ಹೊತ್ತು ಜಾಲರಿಯ ಮೇಲೆ ಬೆರಳಾಡಿಸಿದರು. ಆಮೇಲೆ ಅದನ್ನು ಅದರ ಜಾಗದಲ್ಲಿಟ್ಟು, "ಹಾಗಾದ್ರೆ ಆ ಚರ್ಮದ್ದೇ ಕೊಡು. ಅವನು ಮಲಗಲಿ," ಎಂದರು.

ಮನೆಯಲ್ಲಿ ಒಪ್ಪಿಗೆಯಾದರೆ ಮಾತ್ರ ಕೊಂಡರಾಯಿತು ಎಂದು ಯಜಮಾನರು ಅಂಗಡಿಯಲ್ಲಿ ಕೇಳಿಸಲು ಇಟ್ಟಿದ್ದ ಜೋಡಿಯನ್ನೇ ಕೊಟ್ಟು ಕಳಿಸಿದರು. ಮಗ ಬೀರುವಿನ ಬೀಗ ತೆಗೆದು ವಯರನ್ನು ಹೆಂಡತಿಯ ಕೈಗೆ ಕೊಟ್ಟ. ಅವಳು ಅತ್ತೆಯ ಕೈಗೆ ಕೊಟ್ಟಳು. ಅಜ್ಜಿ ಕಿವಿ ಮುಚ್ಚಿಕೊಂಡು ನಡುಮನೆಯಲ್ಲಿ ಕೂತರು, ಮಗ ನೀಲಿ ಪರದೆ ಎಳೆದುಕೊಂಡ. ನೆರೆಯವಳು ಬಂದು, "ಏನ್ ನೆಮ್ಮದಿ ನಿಮ್ಮ ಮನೇಲೀಗ!" ಎಂದಳು. ಹೌದು ಎಂದಳು ಸೊಸೆ. ಸೂಟ್‌ಕೇಸು ಮಾತ್ರ ದಿನವೂ ಕೆಳಗಿಳಿಯುತ್ತಲೇ ಇತ್ತು.

ಮುಂದಿನ ವಾರ ಲಾಂಡ್ರಿಯಲ್ಲಿ ಬಾಯ್ಲರು ಕೆಟ್ಟು ಎಲ್ಲರನ್ನೂ ಮಧ್ಯಾಹ್ನವೇ ಮನೆಗೆ ಕಳಿಸಿದರು. ಸೊಸೆ ಕೀಲಿಕೈ ಮರೆತುಬಂದಿದ್ದಳು. ಎರಡೂ ಕೈಯಲ್ಲಿ ತರಕಾರಿ ಚೀಲ. ಮೊಣಕೈಯಿಂದ ಬಾಗಿಲು ತಟ್ಟಿದಳು. ಆಮೇಲೆ ಅಂಗೈಯಿಂದ, ಆಮೇಲೆ ಮುಷ್ಟಿಯಿಂದ.

"ಅತ್ತೆ! ಅತ್ತೇ!"

ಕಿಟಕಿಯ ಸಂದಿನಿಂದ ನೋಡಿದರೆ ಅತ್ತೆ ಬೆನ್ನು ತಿರುಗಿಸಿ ಕೂತಿದ್ದರು, ತಲೆಯ ಮೇಲೆ ಕಂದುಬಣ್ಣದ ಪಟ್ಟಿ. ಸೊಸೆ ಮೆಟ್ಟಿಲ ಮೇಲೆ ಕೂತಳು. ಬಿಸಿಲಿಗೆ ಸೊಪ್ಪು ಬಾಡಿತು. ಆಕಾಶದಲ್ಲಿ ಯಾರೋ ಇಸ್ತ್ರಿ ಮಾಡಿ ಮಡಿಸಿಟ್ಟಂಥ ಮೋಡ ಒಂದೊಂದಾಗಿ ಸಾಗುತ್ತಿದ್ದವು. ಬೆಕ್ಕೊಂದು ಬಂದು ಚೀಲ ಮೂಸಿ ಪಕ್ಕದಲ್ಲಿ ಮಲಗಿತು. ಕೆಲಸವಿಲ್ಲದೆ ಹೀಗೆ ಕೂತು ಎಷ್ಟು ಕಾಲವಾಯಿತು ಎಂದು ಯೋಚಿಸುತ್ತ ಅವಳಿಗೂ ಅರೆಮಂಪರು ಹತ್ತಿತು. ಎಚ್ಚರವಾದಾಗ ನೆರಳು ಮೆಟ್ಟಿಲು ದಾಟಿ ಬೀದಿಗೆ ಇಳಿದಿತ್ತು, ಗುಬ್ಬಿ ಮುಂದೆ ನಿಂತಿದ್ದಳು.

"ಅಮ್ಮಾ? ಇಲ್ಯಾಕೆ ಮಲಗಿದ್ದೀಯ?"

ಸೊಸೆ ಗುಬ್ಬಿಯ ಕೀಲಿಕೈಯಿಂದ ಬಾಗಿಲು ತೆರೆದು ಒಳಗೆ ಹೋದಳು. ಚೀಲ ಇಟ್ಟು, ಅತ್ತೆಯ ತಲೆಯಿಂದ ಹೆಡ್‌ಫೋನನ್ನು ಎರಡೂ ಕೈಯಲ್ಲಿ ತೆಗೆದಳು.

"ಅಯ್ಯೋ, ಯಾವಾಗ ಬಂದೆ?"

"ಆಗಲೇ ಬಂದೆ ಅತ್ತೆ. ಬಾಗಿಲು ಬಡಿದು ಬಡಿದು ಕೈ ನೋವು ಬಂತು."

ಮಾತು ಕೇಳಿ ಮಗ ನೀಲಿ ಕೋಣೆಯಿಂದ ಹೊರಗೆ ಬಂದ. "ಅದು ನೀನಾ? ಬಡಿಯೋದು ಕೇಳಿಸ್ತು. ಅಮ್ಮ ತೆಗೀತಾಳೆ ಅಂದ್ಕೊಂಡೆ. ಆಮೇಲೆ ನಿಂತಿತಲ್ಲ, ತೆಗೆದಳು ಅಂದ್ಕೊಂಡೆ."

ಸೊಸೆ ಗಂಡನನ್ನು ನೋಡಿದಳು. "ಅಂದ್ರೆ ನೀವು ಎಚ್ಚರ ಇದ್ರಿ."

ಅವನು ನೆಲದ ಮೇಲಿದ್ದ ತರಕಾರಿ ಚೀಲವನ್ನು ಬದಿಗೆ ಸರಿಸಿದ.

"ಮನೇಲಿ ಒಂದು ಸೂಜಿ ಬಿದ್ದ ಸದ್ದಿಲ್ಲ. ಆದರೂ ಎಚ್ಚರ ಇದ್ರಿ." ಅವಳ ದನಿ ಏರಿತು; ಆ ಮನೆಯಲ್ಲಿ ಅದು ಯಾರೂ ಎಂದೂ ಕೇಳಿರದ ಏರು. "ಇವರ ಹಾಡು ಕಿತ್ತು ಬೀಗ ಹಾಕಿದ್ರಿ. ಇವರು ದಿನಾ ಸೂಟ್‌ಕೇಸ್ ಇಳಿಸ್ತಾರೆ, ನಾನು ದಿನಾ ಏರಿಸ್ತೀನಿ. ಇಬ್ಬರ ಮಾತನ್ನೂ ಅಲ್ಲಿಂದಿಲ್ಲಿಗೆ ಹೊರ್ತೀನಿ. ಯಾತಕ್ಕೆ? ನಿಮಗೆ ನಿದ್ದೆ ಬರಲಿ ಅಂತ. ಬಂತಾ ನಿದ್ದೆ?"

"ಇಲ್ಲ ಕಣೇ," ಎಂದ ಮಗ. ಗೋಡೆಗೆ ಒರಗಿ ಹಾಗೇ ಕೆಳಗೆ ಜಾರಿ ಕೂತ. "ಬರಲ್ಲ. ಹಾಡು ಇದ್ದಾಗಲೂ ಬರ್ತಿರಲಿಲ್ಲ, ನಿಂತ ಮೇಲೂ ಬರಲಿಲ್ಲ. ಒಬ್ಬನೇ ಬಿದ್ದುಕೊಂಡಿರ್ತೀನಿ. ಊರೆಲ್ಲ ಓಡಾಡ್ತಿರುತ್ತೆ, ಎಲ್ಲರೂ ಎದ್ದಿರ್ತಾರೆ, ನಾನೊಬ್ಬ ಸತ್ತೋನ ಹಾಗೆ. ಯಾರ ಮೇಲಾದ್ರೂ ಹಾಕಬೇಕಿತ್ತು, ಪಿಟೀಲಿನ ಮೇಲೆ ಹಾಕಿದೆ."

ಸೊಸೆ ಬಾಡಿದ ಸೊಪ್ಪು ತೆಗೆದುಕೊಂಡು ಒಳಗೆ ಹೋಗಿ ನೀರಿನಲ್ಲಿ ಹಾಕಿದಳು. ಯಾರ ಊಟಕ್ಕೂ ಅವತ್ತು ರುಚಿಯಿರಲಿಲ್ಲ, ಆದರೆ ಅಜ್ಜಿ ತಟ್ಟೆ ತಂದು ಮೇಜಿನ ಹತ್ತಿರವೇ ಕೂತರು.

"ಆ ಚರ್ಮದ್ದನ್ನ ವಾಪಸ್ ಕೊಡು ಗುಬ್ಬಿ," ಎಂದರು ತುತ್ತು ಕಲೆಸುತ್ತ. "ಅದು ಹಾಕ್ಕೊಂಡ್ರೆ ನನ್ನ ರಕ್ತ ಓಡೋದು ನಂಗೇ ಕೇಳುತ್ತೆ. ಲೈನ್ ಸತ್ತಾಗ ಹಾಗೇ ಆಗ್ತಿತ್ತು. ಈ ಕಡೆ ನಾನು ಕಿರುಚ್ತಾ ಇರ್ತಿದ್ದೆ, ಆ ಕಡೆ ಯಾರೂ ಇಲ್ಲ."

"ಜಾಲರಿದು ತಂದ್ರೆ ಅಪ್ಪಂಗೆ ಕೇಳುತ್ತೆ."

"ಕೇಳಲಿ ಬಿಡು," ಎಂದ ಮಗ. "ಹೇಗಿದ್ರೂ ಎಚ್ಚರಾನೇ ತಾನೇ."

ಚರ್ಮದ್ದು ಅಂಗಡಿಗೆ ವಾಪಸ್ ಹೋಗಿ, ಕೇಳಿ ನೋಡಲೆಂದು ಜಾಲರಿಯದು ಬಂತು. ಮೊದಲ ದಿನ ಮಗ ಹಲಗೆ ಗೋಡೆಯಾಚೆ ಹೊರಳಾಡಿದ. ಹಾಡೂ ಅಲ್ಲ, ಸುಮ್ಮನಿರುವುದೂ ಅಲ್ಲ. ಸಣ್ಣಗೆ ಚಿರ್ ಚಿರ್ ಎನ್ನುವ ಏನೋ ಒಂದು. ದಿಂಬು ಹಿಡಿದುಕೊಂಡು ಎದ್ದು ಬಂದ.

"ಅಮ್ಮ, ದೊಡ್ಡ ಸದ್ದಾದ್ರೂ ಪರವಾಗಿರಲಿಲ್ಲ. ಇದು ಸೊಳ್ಳೆ ಹಾಡಿದ ಹಾಗಿದೆ."

ಅಜ್ಜಿಗೆ ಅವನ ಮಾತು ಕೇಳಿಸಿತು. ಜಾಲರಿಯ ಗುಣವೇ ಅದು. ಹೆಡ್‌ಫೋನು ತೆಗೆಯದೆಯೇ, "ಇಲ್ಲಿ ಬಾ, ಕೂತ್ಕೋ," ಎಂದರು. ಎಷ್ಟೋ ವಾರಗಳ ಮೇಲೆ ಅವರು ಅವನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

ಅವನು ಅವರ ಕಾಲ ಬಳಿ ಚಾಪೆಯ ಮೇಲೆ ಕೂತ. ಹತ್ತಿರದಿಂದ ಕೇಳಿದರೆ ಅದು ಸೊಳ್ಳೆಯಾಗಿರಲಿಲ್ಲ. ಒಬ್ಬ ಹೆಂಗಸು ತುಂಬ ದೂರದ ಕಿಟಕಿಯೊಂದರಲ್ಲಿ ನಿಂತು ಹಾಡುತ್ತಿದ್ದಳು.

"ನೀನು ಮಗು ಇದ್ದಾಗ ನಿನ್ನನ್ನ ನೋಡ್ಕೊಳ್ಳೋಕೆ ಯಾರೂ ಇರಲಿಲ್ಲ," ಎಂದರು ಅಜ್ಜಿ. "ಎಕ್ಸ್‌ಚೇಂಜಿಗೇ ಎತ್ಕೊಂಡು ಹೋಗ್ತಿದ್ದೆ. ಸೂಪರ್‌ವೈಸರ್ ಕಣ್ಣು ತಪ್ಪಿಸಿ ಬೋರ್ಡಿನ ಕೆಳಗೆ ಮಲಗಿಸ್ತಿದ್ದೆ. ಮೇಲೆ ಸಾಲಾಗಿ ಅಷ್ಟು ಜನ ಹುಡುಗೀರು ಮಾತಾಡೋರು. ಹಲೋ, ಹೇಳಿ, ಲೈನಲ್ಲಿರಿ, ಕೊಡ್ತೀನಿ. ನೀನು ಒಂದು ದಿನ ಅಳಲಿಲ್ಲ. ಎಲ್ಲರೂ ಎದ್ದು ಊಟಕ್ಕೆ ಹೋಗಿ ಕೋಣೆ ಖಾಲಿ ಆದಾಗ ಮಾತ್ರ ಬೆಚ್ಚಿಬಿದ್ದು ಏಳ್ತಿದ್ದೆ."

"ನಂಗೆ ನೆನಪಿಲ್ಲ."

"ಹೇಗಿರುತ್ತೆ? ನಿದ್ದೆ ಮಾಡ್ತಿದ್ಯಲ್ಲ."

ಅವನು ನಕ್ಕ. ದಿಂಬನ್ನು ಚಾಪೆಗೆ ಹಾಕಿಕೊಂಡು ಒಂದು ಗಳಿಗೆ ಬೆನ್ನು ಚಾಚುತ್ತೇನೆ ಎಂದು ಮಲಗಿದ. ಅಜ್ಜಿ ಗುಂಡಿಯನ್ನು ಅರ್ಧದಿಂದ ಕಾಲು ಭಾಗಕ್ಕೆ ಇಳಿಸಿದರು. ಮುಂದಿನ ಬಾಗಿಲಿನಿಂದ ಬಿಸಿಲು ಮೊಣಕಾಲವರೆಗೆ ಬಂತು, ಬೀದಿಯಲ್ಲಿ ಸೈಕಲ್ಲಿನ ಗಂಟೆ, ಮೇಲಿನ ಮನೆಯ ಚಪ್ಪಲಿ, ನಲ್ಲಿಯ ಹನಿ. ಎಲ್ಲದರ ನಡುವೆ ನೂಲಿನಂತೆ ಆ ಹಾಡು. ಸ್ವಲ್ಪ ಹೊತ್ತಿನಲ್ಲಿ ಅವನ ಉಸಿರು ಬದಲಾಯಿತು. ಅಜ್ಜಿಗೆ ಉಸಿರಿನ ವಿಷಯದಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರು ಕಾಲು ಜೋಮು ಹಿಡಿದರೂ ಅಲುಗಾಡದೆ ಕೂತರು.

ಅವತ್ತಿನಿಂದ ನೀಲಿ ಕೋಣೆ ಬಟ್ಟೆ ಒಣಗಿಸುವ ಕೋಣೆಯಾಯಿತು. ಮಗ ನಡುಮನೆಯ ಚಾಪೆಗೆ ಬಂದ. ದಿನವೂ ನಿದ್ದೆ ಬರುತ್ತಿತ್ತು ಎಂದೇನಲ್ಲ. ಬಾರದ ದಿನ ಇಬ್ಬರೂ ಮಾತಾಡುತ್ತಿದ್ದರು, ಇಲ್ಲವೇ ಹಾಡಿನ ಬಗ್ಗೆ ಕಚ್ಚಾಡುತ್ತಿದ್ದರು.

"ಪಿಟೀಲು ಬೇಡಮ್ಮ, ಹಲ್ಲು ಕಿತ್ತ ಹಾಗಾಗುತ್ತೆ."

"ನಿನ್ನ ಬೇಕರಿಯ ಬನ್ನು ಕಚ್ಚಿದ್ರೂ ಹಾಗೇ ಆಗುತ್ತೆ."

ತಿಂಗಳ ಪಿಂಚಣಿ ಬಂದಾಗ ಅಜ್ಜಿ ಮತ್ತೆ ಮದುವೆಮನೆಯ ಬಟ್ಟೆ ಉಟ್ಟು ಜಾಲರಿಯದರ ದುಡ್ಡು ಕೊಡಲು ಅಂಗಡಿಗೆ ಹೋದರು. ಬೆಲೆ ಕೇಳಿ ಮಗ ಹೌಹಾರಿದ. "ಇಷ್ಟಕ್ಕೆ ಒಂದು ಫ್ರಿಜ್ಜು ಬರುತ್ತೆ!"

"ಫ್ರಿಜ್ಜಿನ ಪಕ್ಕ ನಿಂಗೆ ನಿದ್ದೆ ಬರುತ್ತಾ? ನನ್ನ ಪಿಂಚಣಿ, ನನ್ನ ಕಿವಿ. ನೀನು ಸುಮ್ನಿರು." ಯಜಮಾನರು ಮನೆಗೆ ಕೊಟ್ಟಿದ್ದ, ತಲೆಪಟ್ಟಿಗೆ ಗೀರು ಬಿದ್ದಿದ್ದ ಆ ಜೋಡಿಯನ್ನೇ ಬೆಲೆ ಇಳಿಸಿ ಕೊಟ್ಟರು. ಗೀರಿನ ಮೇಲೆ ಅಜ್ಜಿ ಹತ್ತಿಯ ಬಟ್ಟೆ ಸುತ್ತಿ ಹೊಲಿದರು. ಸೂಟ್‌ಕೇಸು ಯಾವಾಗಲೋ ಅಟ್ಟ ಸೇರಿತು. ಯಾರು ಇಟ್ಟರು ಎಂದು ಯಾರೂ ಕೇಳಲಿಲ್ಲ.

ಮಳೆ ಬರುವ ಹಾಗಿದ್ದು ಬಾರದ ಒಂದು ಸಂಜೆ ಸೊಸೆ ಲಾಂಡ್ರಿಯಿಂದ ಮನೆಗೆ ಬಂದಳು. ಬಾಗಿಲು ಸುಮ್ಮನೆ ಒರಗಿಸಿತ್ತು. ನಡುಮನೆಯಲ್ಲಿ ಗಂಡ ಬಾಯಿ ತೆರೆದು ಮಲಗಿದ್ದ. ಕುರ್ಚಿಯಲ್ಲಿ ಅತ್ತೆಯೂ ನಿದ್ದೆ ಹೋಗಿದ್ದರು, ಗಲ್ಲ ಎದೆಗೆ ತಾಗಿತ್ತು. ಹೆಡ್‌ಫೋನು ಅವರ ತಲೆಯಿಂದ ಜಾರಿ ತೊಡೆಯ ಮೇಲೆ ಬಿದ್ದು, ಯಾರೂ ಕೇಳುತ್ತಿಲ್ಲವೆಂಬುದು ತಿಳಿಯದೆ ತನ್ನಷ್ಟಕ್ಕೆ ಹಾಡುತ್ತಿತ್ತು.

ಅಡುಗೆಮನೆಯಲ್ಲಿ ಮಧ್ಯಾಹ್ನದ ಪಾತ್ರೆ ಇದ್ದವು. ಅಕ್ಕಿ ತೊಳೆಯಬೇಕಿತ್ತು. ಆರಿಸಬೇಕೆಂದು ಅವಳು ಹೆಡ್‌ಫೋನು ಕೈಗೆತ್ತಿಕೊಂಡಳು. ಗುಂಡಿ ಎಲ್ಲಿದೆಯೆಂದು ತಿಳಿಯಲಿಲ್ಲ. ಇಷ್ಟು ದಿನ ಅದನ್ನು ಒರೆಸಿದ್ದಳು, ಅತ್ತಿತ್ತ ಎತ್ತಿಟ್ಟಿದ್ದಳು, ಕಿವಿಗೆ ಇಟ್ಟುಕೊಂಡಿರಲಿಲ್ಲ. ಇಟ್ಟುಕೋ ಎಂದು ಯಾರೂ ಹೇಳಿರಲಿಲ್ಲ. ಗೋಡೆಯ ಪಕ್ಕ ನೆಲಕ್ಕೆ ಕೂತು ತಲೆಗೆ ಹಾಕಿಕೊಂಡಳು.

ಕೊಳಲು. ಒಂದೇ ಒಂದು ಕೊಳಲು, ಅವಸರವಿಲ್ಲದ್ದು. ಅದರ ಹಿಂದೆ ಎಲ್ಲೋ ಗಾಳಿ ತುಂಬಿದ ದೊಡ್ಡ ಬಯಲು. ಇಸ್ತ್ರಿಮನೆಯ ಹಬೆ ಅವಳ ಕಿವಿಯಿಂದ, ಬೆರಳಿನಿಂದ ಮೆಲ್ಲಗೆ ಏರಿ ಆ ಬಯಲಿಗೆ ಹೊರಟುಹೋಯಿತು. ಬಯಲಿನ ತುದಿಯಲ್ಲಿ ಬಿಳಿ ಹೊದಿಕೆಗಳು ತಂತಿಯ ಮೇಲೆ ಹಾರಾಡುತ್ತಿದ್ದವು. ಅವನ್ನು ಯಾರೂ ತೆಗೆದು ಮಡಿಸಬೇಕಾಗಿರಲಿಲ್ಲ. ಇದು ತನಗೆ ಇಷ್ಟವೋ ಅಲ್ಲವೋ ಎಂದು ಅವಳು ಕೇಳಿಕೊಂಡಳು. ಕೊಳಲು ಒಂದು ಸ್ವರವನ್ನು ಹಿಡಿದು ಬಿಡದೆ ನಿಂತಾಗ, ಇಷ್ಟ ಎಂದು ತಿಳಿಯಿತು.

ಕುರ್ಚಿಯಲ್ಲಿ ಅತ್ತೆ ಮಿಸುಕಾಡಿದರು. ಕಣ್ಣು ತೆರೆಯದೆಯೇ, "ಬಂದ್ಯಾ? ಸ್ವಲ್ಪ ಚಹಾ ಇಡ್ತೀಯಾ?" ಎಂದರು.

ಚಾಪೆಯಿಂದ ಗಂಡನೂ ಆಗಷ್ಟೇ ಎಚ್ಚರಾದ ದನಿಯಲ್ಲಿ, "ಏನೇ, ನನ್ನ ಶರ್ಟು ಎಲ್ಲಿ?" ಎಂದ.

ಜಾಲರಿಯ ಮೂಲಕ ಎರಡೂ ಮಾತು ಅವಳಿಗೆ ಸ್ಪಷ್ಟವಾಗಿ ಕೇಳಿಸಿದವು. ಅವಳು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಳು.